ಎಂಟು ದಿನ ಮಾತ್ರ ತಣ್ಣಗಿದ್ದ ಫ್ರಿಜ್

ಫ್ರಿಜ್ ರಿಪೇರಿ ಕೆಲಸಕ್ಕೆ ಸೇರಿದ ಮೊದಲ ವರ್ಷದ ಬೇಸಿಗೆಯಲ್ಲಿ ಬಸವನಗುಡಿಯ ಒಂದು ಮನೆಯಿಂದ ನಮ್ಮ ಅಂಗಡಿಗೆ ಕರೆ ಬಂದಿತ್ತು. ಎರಡು ಬಾಗಿಲಿನ ಫ್ರಾಸ್ಟ್ ಫ್ರೀ, ಅಂದರೆ ಒಳಗಿನ ಹಿಮವನ್ನು ತಾನೇ ಕರಗಿಸಿಕೊಳ್ಳುವ ಫ್ರಿಜ್. ಮೇಲೆ ಫ್ರೀಜರಿನಲ್ಲಿ ಐಸ್ ಕಟ್ಟುತ್ತಿತ್ತು, ಕೆಳಗಿಟ್ಟ ದೋಸೆ ಹಿಟ್ಟು ಮಾತ್ರ ಬೆಳಗಾಗುವುದರೊಳಗೆ ಉಕ್ಕಿ ಹುಳಿಯಾಗುತ್ತಿತ್ತು. ಮನೆಯ ಯಜಮಾನಿ ಹೇಳಿದ ಈ ಎರಡು ಮಾತಿನಲ್ಲೇ ದೋಷದ ಸುಳಿವೆಲ್ಲ ಇತ್ತೆಂಬುದು ನನಗೆ ಆಗ ಹೊಳೆಯಲಿಲ್ಲ. ಗ್ಯಾಸ್ ಕಡಿಮೆಯಾಗಿದೆಯೆಂದು ಹೇಳಿ, ರಾತ್ರಿಯಿಡೀ ಫ್ರಿಜ್ ಆಫ್ ಮಾಡಿಸಿ, ಮರುದಿನ ಹೋಗಿ ಕೊಳವೆಗಳನ್ನು ವ್ಯಾಕ್ಯೂಮ್ ಮಾಡಿ, ಅಂದರೆ ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು, ಹೊಸ ಗ್ಯಾಸ್ ತುಂಬಿ ಬಂದೆ. ಸಂಜೆಗೆ ಕೆಳಗಿನ ಭಾಗವೂ ತಣ್ಣಗಾಗಿತ್ತು. ಒಂಬತ್ತನೆಯ ದಿನ ಅದೇ ಅಮ್ಮ ಫೋನ್ ಮಾಡಿ, “ಏನಪ್ಪಾ, ನೀನು ತುಂಬಿದ ಗ್ಯಾಸ್ ಎಂಟೇ ದಿನಕ್ಕೆ ಮುಗಿದುಹೋಯಿತಾ?” ಎಂದು ಕೇಳಿದರು.

ಅವರ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಫ್ರಿಜ್‌ನ ಗ್ಯಾಸ್ ಅಡುಗೆಮನೆಯ ಸಿಲಿಂಡರಿನಂತೆ ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿಕೆ ಇರಬೇಕು, ಅದನ್ನು ನಾನು ಹುಡುಕಿಯೇ ಇರಲಿಲ್ಲ.

ಎರಡನೆಯ ಸಲ ಹಿರಿಯ ಮೆಕ್ಯಾನಿಕ್ ಒಬ್ಬರು ಜೊತೆಗೆ ಬಂದರು. ಅವರು ಗ್ಯಾಸಿನ ಒತ್ತಡ ಅಳೆಯುವ ಗೇಜ್ ಮುಟ್ಟದೆ ಫ್ರೀಜರ್ ಖಾಲಿ ಮಾಡಿಸಿ, ಹಿಂಬದಿಯ ಹಲಗೆಯ ಸ್ಕ್ರೂ ಬಿಚ್ಚಿದರು. ಒಳಗಿನ ಕೂಲಿಂಗ್ ಕಾಯಿಲ್ ಮೇಲಿನಿಂದ ಕೆಳಗಿನವರೆಗೆ ಬಿಳಿಯ ಗೋಡೆಯಂತೆ ಐಸ್‌ನಲ್ಲಿ ಹೂತುಹೋಗಿತ್ತು. “ಗ್ಯಾಸ್ ಕಡಿಮೆಯಿದ್ದಿದ್ದರೆ ಒಂದು ಮೂಲೆಯಲ್ಲಷ್ಟೇ ಹಿಮ ಕಟ್ಟುತ್ತಿತ್ತು. ಇದು ಪೂರ್ತಿ ಕಟ್ಟಿದೆ, ನೋಡು,” ಎಂದರು. ಈ ಬಗೆಯ ಫ್ರಿಜ್‌ನಲ್ಲಿ ಕೆಳಗಿನ ಭಾಗಕ್ಕೆ ಕಾಯಿಲ್ ಇರುವುದಿಲ್ಲ. ಮೇಲಿನ ಕಾಯಿಲ್ ಮೂಲಕ ಹಾದ ತಂಗಾಳಿಯನ್ನು ಫ್ಯಾನ್ ಕೆಳಕ್ಕೆ ತಳ್ಳಬೇಕು. ಐಸ್ ದಾರಿ ಕಟ್ಟಿದಾಗ ಕಾಯಿಲ್ಲಿಗೆ ಅಂಟಿಕೊಂಡಂತಿರುವ ಫ್ರೀಜರ್ ಇನ್ನೂ ಕೆಲವು ದಿನ ತಣ್ಣಗಿರುತ್ತದೆ, ಕೆಳಗಿನದು ಮೊದಲು ಸೊರಗುತ್ತದೆ.

ಹಾಗಾದರೆ ನಾನು ಗ್ಯಾಸ್ ತುಂಬಿದ ಮೇಲೆ ಸರಿಯಾದದ್ದು ಹೇಗೆ? ಫ್ರಿಜ್ ರಾತ್ರಿಯಿಡೀ ಆಫ್ ಆಗಿದ್ದರಿಂದ ಐಸ್ ತಾನೇ ಕರಗಿ ಹೋಗಿತ್ತು, ಅಷ್ಟೆ. ಅದು ಮತ್ತೆ ಕಟ್ಟಲು ಎಂಟು ದಿನ ಬೇಕಾಯಿತು. ನಾನು ಮಾಡಿದ ಕೆಲಸಕ್ಕೂ ಬಂದ ಫಲಕ್ಕೂ ಸಂಬಂಧವೇ ಇರಲಿಲ್ಲ. ಆದರೂ ಆ ಎಂಟು ದಿನ ನಾನು ಅಂಗಡಿಯಲ್ಲಿ ಬೀಗುತ್ತಾ ಓಡಾಡಿದ್ದೆ.

ಕಾಯಿಲ್ಲಿನ ಹಿಮವನ್ನು ಆಗಾಗ ಕರಗಿಸುವುದಕ್ಕೆ ಒಂದು ಹೀಟರ್, ಅದನ್ನು ನಿಯಂತ್ರಿಸುವ ಬೈಮೆಟಲ್ ಎಂಬ ತಾಪದ ಸ್ವಿಚ್, ಅತಿಯಾಗಿ ಬಿಸಿಯಾದರೆ ಕಡಿದುಕೊಳ್ಳುವ ಥರ್ಮಲ್ ಫ್ಯೂಸ್, ಹಳೆಯ ಮಾದರಿಗಳಲ್ಲಿ ಟೈಮರ್, ಹೊಸದರಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತವೆ. ಇವುಗಳಲ್ಲಿ ಹೊಸಬರನ್ನು ಹೆಚ್ಚು ಮೋಸಗೊಳಿಸುವುದು ಬೈಮೆಟಲ್. ಕೋಣೆಯ ಬಿಸಿಯಲ್ಲಿ ಮೀಟರ್ ಹಿಡಿದರೆ ಒಳ್ಳೆಯ ಬೈಮೆಟಲ್ ಕೂಡ ಕಂಟಿನ್ಯುಟಿ, ಅಂದರೆ ಕರೆಂಟ್ ಹರಿಯುವ ದಾರಿ, ತೋರಿಸುವುದಿಲ್ಲ, ಏಕೆಂದರೆ ಚಳಿಯಲ್ಲಿ ಮಾತ್ರ ಅದರ ಸಂಪರ್ಕ ಕೂಡುತ್ತದೆ. ಹಾಗಾಗಿ ಚೆನ್ನಾಗಿ ಕೆಲಸ ಮಾಡುತ್ತಿರುವ ಬೇರೊಂದು ಫ್ರೀಜರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಹೊರತೆಗೆದ ಕೂಡಲೇ ನೋಡಬೇಕು. ಅಂದು ಹೀಟರ್ ಸರಿಯಿತ್ತು, ಫ್ಯೂಸ್ ಸರಿಯಿತ್ತು, ಬೈಮೆಟಲ್ ಚಳಿಯಲ್ಲೂ ಕೂಡಲಿಲ್ಲ. ಬೆಲೆಯಲ್ಲಿ ಅದು ಗ್ಯಾಸ್ ಕೆಲಸದ ಹತ್ತಿರವೂ ಸುಳಿಯದಷ್ಟು ಚಿಕ್ಕ ಬಿಡಿಭಾಗ. ಗ್ಯಾಸಿಗೆಂದು ಪಡೆದ ಹಣವನ್ನು ನಮ್ಮ ಯಜಮಾನರು ಆ ಅಮ್ಮನಿಗೆ ಹಿಂತಿರುಗಿಸಿದರು. ಅದರಲ್ಲಿ ಅರ್ಧ ನನ್ನ ಸಂಬಳದಲ್ಲಿ ಮುರಿಯಿತು.

ಫ್ಯೂಸ್ ಹೋಗಿದ್ದರೆ ಅದನ್ನು ತಪ್ಪಿಸಿ ನೇರ ವೈರ್ ಜೋಡಿಸುವವರನ್ನೂ ಈ ಕಸುಬಿನಲ್ಲಿ ನೋಡಿದ್ದೇನೆ. ಈಗಿನ ಬಹಳಷ್ಟು ಫ್ರಿಜ್‌ಗಳಲ್ಲಿ ಇರುವುದು ಆರ್ 600ಎ, ಅಂದರೆ ಬೆಂಕಿ ಹತ್ತುವ ಐಸೋಬ್ಯುಟೇನ್. ಅಲ್ಲಿ ಆ ಜಾಣತನ ಸಲ್ಲದು.

ಈಗ ಯಾರಾದರೂ ಕೆಳಗೆ ಕೂಲಿಂಗ್ ಇಲ್ಲವೆಂದು ಫೋನ್ ಮಾಡಿದರೆ, ಇತ್ತೀಚೆಗೆ ಊರಿಗೆ ಹೋಗುವಾಗ ಫ್ರಿಜ್ ಆಫ್ ಮಾಡಿದ್ದಿರಾ, ಬಂದ ಮೇಲೆ ಕೆಲವು ದಿನ ಸರಿಯಿತ್ತಾ ಎಂದು ಮೊದಲು ಕೇಳುತ್ತೇನೆ. ಹೌದೆಂದರೆ ಗ್ಯಾಸ್ ಸಿಲಿಂಡರನ್ನು ಅಂಗಡಿಯಲ್ಲೇ ಬಿಟ್ಟು, ಚೀಲಕ್ಕೆ ಬೈಮೆಟಲ್ ಮತ್ತು ಹೀಟರ್ ಹಾಕಿಕೊಂಡು ಹೊರಡುತ್ತೇನೆ.