ಅರ್ಧ ಕಮಿಷನ್ ನಿಮಗೇ ಮೇಡಂ

ಇನ್ಶೂರೆನ್ಸ್ ಏಜೆಂಟರ ಹತ್ತಿರ ನಾನು ಡಿಸ್ಕೌಂಟ್ ಕೇಳಿರಲೇ ಇಲ್ಲ. ಅವರೇ ದನಿ ತಗ್ಗಿಸಿ, "ಮೊದಲ ಪ್ರೀಮಿಯಂನಲ್ಲಿ ನನ್ನ ಕಮಿಷನ್ ಅರ್ಧ ನಿಮಗೇ ಬಿಡ್ತೀನಿ ಮೇಡಂ, ಯಾರಿಗೂ ಹೇಳಬೇಡಿ" ಅಂದರು. ಹಾಗೇ ಫಾರ್ಮ್ ತಿರುವಿ, ಪೆನ್ಸಿಲ್‌ನಲ್ಲಿ ಇಂಟು ಮಾರ್ಕ್ ಹಾಕಿದ್ದ ಜಾಗ ತೋರಿಸಿದರು. ಸಹಿ ಮಾಡೋಣ ಅಂತ ಬಗ್ಗಿದರೆ ಅದರ ಕೆಳಗೇ, ಇರುವೆ ಸಾಲಿನಂಥ ಅಕ್ಷರದಲ್ಲಿ, 1938ರ ವಿಮಾ ಕಾಯ್ದೆಯ ಸೆಕ್ಷನ್ 41! ಪಾಲಿಸಿ ಮಾಡಿಸೋದಕ್ಕೆ ಆಸೆ ತೋರಿಸಿ ಕಮಿಷನ್‌ನಲ್ಲಿ ಪಾಲು ಕೊಡುವಂತಿಲ್ಲ. ಗ್ರಾಹಕರು ತಗೊಳ್ಳುವಂತೆಯೂ ಇಲ್ಲ. ತಪ್ಪಿದರೆ 10 ಲಕ್ಷ ರೂಪಾಯಿವರೆಗೆ ದಂಡ.

"ಇದೇನು ಸರ್?" ಅಂತ ಬೆರಳಿಟ್ಟು ತೋರಿಸಿದೆ.

"ಅದು ಎಲ್ಲಾ ಫಾರ್ಮ್‌ನಲ್ಲೂ ಇರುತ್ತೆ ಬಿಡಿ ಮೇಡಂ."

ಸಹಿ ಹಾಕಲಿಲ್ಲ. ಕಂಪನಿಗಳು ತಾವೇ ಪ್ರಕಟಿಸಿದ ರಿಯಾಯಿತಿ ಪಡೆಯೋದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆನ್‌ಲೈನ್‌ನಲ್ಲಿ ಅಂಥದ್ದೊಂದು ಟರ್ಮ್ ಪಾಲಿಸಿ ತಗೊಂಡೆ.

ಆದರೆ ತಲೆಯಲ್ಲಿ ಹುಳ ಹೊಕ್ಕಿತ್ತು. ಅರ್ಧ ಬಿಟ್ಟುಕೊಡ್ತಾರೆ ಅಂದರೆ ಪೂರ್ತಿ ಎಷ್ಟಿರಬೇಕು? ನನ್ನ ಮ್ಯೂಚುವಲ್ ಫಂಡ್‌ನಲ್ಲಿ ಎಷ್ಟು ಹೋಗ್ತಿದೆ? ಆರು ತಿಂಗಳಿಗೊಮ್ಮೆ ಬರುವ ಒಟ್ಟು ಸ್ಟೇಟ್‌ಮೆಂಟ್‌ನಲ್ಲಿ, ಫಂಡ್ ಮಾಡಿಸಿಕೊಟ್ಟ ವಿತರಕರಿಗೆ ಕೊಟ್ಟ ಕಮಿಷನ್ ರೂಪಾಯಿ ಲೆಕ್ಕದಲ್ಲೇ ಇರುತ್ತದೆ. ಬರೀ ಒಟ್ಟು ಮೊತ್ತ ನೋಡಿ ಮುಚ್ಚುತ್ತಿದ್ದ ನಾನು ಅವತ್ತು ಆ ಕಾಲಂ ಓದಿದೆ. ಅದರಲ್ಲೊಂದು ಮಜಾ ಇದೆ. ಹಣ ಫಂಡ್‌ನಲ್ಲಿ ಇರುವಷ್ಟು ಕಾಲವೂ ವಿತರಕರಿಗೆ ಹೋಗುವ ಈ ಟ್ರೇಲ್ ಕಮಿಷನ್ ನಾವು ಕೈಯಿಂದ ಕೊಡೋದಲ್ಲ. ದಿನದಿನದ ಎನ್‌ಎವಿ, ಅಂದರೆ ಫಂಡ್‌ನ ಒಂದು ಯೂನಿಟ್‌ನ ಬೆಲೆ, ಲೆಕ್ಕ ಹಾಕುವಾಗಲೇ ಖರ್ಚಿನಲ್ಲಿ ಸೇರಿ ಹೋಗಿರುತ್ತದೆ. ನೋವೇ ಗೊತ್ತಾಗಲ್ಲ.

ವಿತರಕರಿಗೆ ಫೋನ್ ಮಾಡಿ, ಸ್ವಲ್ಪ ವಾಪಸ್ ಕೊಡೋಕಾಗಲ್ವಾ ಅಂತ ಸಂಕೋಚದಿಂದಲೇ ಕೇಳಿದೆ.

"ಆಗಲ್ಲ ಮೇಡಂ. ಫಂಡ್ ಕಂಪನಿಗಳ ಸಂಘ ಆಂಫಿಯ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಕಮಿಷನ್ನೇ ಬೇಡ ಅಂದ್ರೆ ಡೈರೆಕ್ಟ್ ಪ್ಲಾನ್‌ಗೆ ಹೋಗಿ."

ತಮ್ಮ ಹೊಟ್ಟೆಪಾಡಿಗೇ ಕುತ್ತು ತರುವ ಮಾತನ್ನು ಇಷ್ಟು ಸಲೀಸಾಗಿ ಯಾರು ಹೇಳ್ತಾರೆ? ವಿತರಕರಿಲ್ಲದೆ ಕಂಪನಿಯಿಂದಲೇ ನೇರವಾಗಿ ಕೊಳ್ಳುವ ಈ ಡೈರೆಕ್ಟ್ ಪ್ಲಾನ್ 2013ರ ಜನವರಿಯಿಂದಲೇ ಇದೆ. ಅದೇ ಫಂಡ್, ಅದೇ ಮ್ಯಾನೇಜರ್, ಖರ್ಚು ಮಾತ್ರ ಕಡಿಮೆ. ಹಳೇದನ್ನೂ ಬದಲಾಯಿಸಲೇ ಅಂದರೆ ಅವರೇ ತಡೆದರು. ಹಾಗೆ ಬದಲಾಯಿಸಿದರೆ ಮಾರಿದ ಲೆಕ್ಕವಂತೆ. ಲಾಭಕ್ಕೆ ತೆರಿಗೆ, ಇತ್ತೀಚೆಗೆ ಕಟ್ಟಿದ ಕಂತುಗಳಿಗೆ ಎಕ್ಸಿಟ್ ಲೋಡ್, ಅಂದರೆ ಬೇಗ ಹೊರಬಂದರೆ ಹಿಡಿಯುವ ಶುಲ್ಕ, ಬೇರೆ.

ಹೊಸ ಎಸ್‌ಐಪಿ, ಅಂದರೆ ತಿಂಗಳ ಕಂತಿನ ಹೂಡಿಕೆ, ಡೈರೆಕ್ಟ್‌ನಲ್ಲಿ ಶುರು ಮಾಡಿದೆ. ಹಳೇದು ಅವರ ಹತ್ತಿರವೇ ಇದೆ. 2020ರ ಮಾರ್ಚ್‌ನಲ್ಲಿ ಮಾರುಕಟ್ಟೆ ಕುಸಿದಾಗ ಎಲ್ಲಾ ಮಾರ್ತೀನಿ ಅಂತ ಹಟ ಹಿಡಿದಿದ್ದ ನನ್ನನ್ನು ತಡೆದವರೂ ಇವರೇ. ಆ ಕಮಿಷನ್ ಅವರಿಗೆ ಹೋಗಲಿ ಬಿಡಿ.