ನಗು ನಿಂತ ಮೇಲಿನ ಪಾಠ

ನಮ್ಮ ಫಿಸಿಕ್ಸ್ ಮೇಡಂ ತರಗತಿಯಲ್ಲಿ ಚೆನ್ನಾಗಿ ನಗಿಸುತ್ತಿದ್ದರು ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತಾಗುತ್ತದೆ. ಕೊನೆಯ ಬೆಂಚಿನ ನಗು ಅಡಗುವ ತನಕ ಕಾದಿದ್ದು, ಸೀಮೆಸುಣ್ಣ ಕೈಗೆತ್ತಿಕೊಂಡು, "ಸರಿ, ನಕ್ಕಾಯ್ತಲ್ಲ? ಈಗ ಯಾಕೆ ಹಾಗಾಯ್ತು ಹೇಳಿ" ಅನ್ನುತ್ತಿದ್ದರು. ನಾನು ಭೌತಶಾಸ್ತ್ರ ಕಲಿತದ್ದು ಆ ಪ್ರಶ್ನೆಯಿಂದಾಚೆಗೆ.

ಕಪ್ಪೆಯ ಕತೆ ನಮ್ಮ ಬ್ಯಾಚಿನ ಯಾರಿಗೂ ಮರೆತಿರಲಾರದು. 1997ರಲ್ಲಿ ನೆದರ್ಲೆಂಡ್ಸ್‌ನ ನೈಮೆಖೆನ್‌ನಲ್ಲಿ ಆಂದ್ರೆ ಗೈಮ್ ಮತ್ತು ಸಂಗಡಿಗರು ಜೀವಂತ ಕಪ್ಪೆಯೊಂದನ್ನು ಕಾಂತಕ್ಷೇತ್ರದಲ್ಲಿ ತೇಲಿಬಿಟ್ಟಿದ್ದರು. 2000ದಲ್ಲಿ ಗೈಮ್ ಅವರಿಗೂ ಮೈಕೆಲ್ ಬೆರಿ ಅವರಿಗೂ ಇದಕ್ಕಾಗಿ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಬಹುಮಾನ ಅದು. ನಾವು ನಕ್ಕು ಮುಗಿಸಿದೆವು. ಮೇಡಂ ಲೆಕ್ಕ ಶುರು ಮಾಡಿದರು. ನೀರು ಡಯಾಮ್ಯಾಗ್ನೆಟಿಕ್ ವಸ್ತು. ಕಾಂತಕ್ಷೇತ್ರ ಅದನ್ನು ತುಸುವೇ ದೂರ ತಳ್ಳುತ್ತದೆ. ಕಪ್ಪೆಯ ಮೈಯಲ್ಲಿ ಬಹುಪಾಲು ನೀರೇ. ಆದರೆ ಕ್ಷೇತ್ರ ಬಲವಾಗಿದ್ದರೆ ಸಾಲದು, ಮೇಲೆ ಹೋದಂತೆ ಅದು ಬೇಗಬೇಗ ಕುಗ್ಗಲೂ ಬೇಕು. ಅಲ್ಲಿ ಬಳಸಿದ್ದು ಸುಮಾರು 16 ಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ). ಆಸ್ಪತ್ರೆಯ ಎಂಆರ್‌ಐ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು 1.5 ಇಲ್ಲವೇ 3 ಟೆಸ್ಲಾ.

ಬೋರ್ಡಿನ ಮೇಲೆ ಒಂದು ಕಡೆ ಕಪ್ಪೆಯ ತೂಕ, ಇನ್ನೊಂದು ಕಡೆ ಕಾಂತ ಬಲ. ಎರಡೂ ಕಡೆಯಿಂದ ಕಪ್ಪೆಯ ಗಾತ್ರ ಹೊಡೆದುಹೋಯಿತು! ಅಂದರೆ ಕಪ್ಪೆಯನ್ನು ತೇಲಿಸುವ ಕ್ಷೇತ್ರ ಮನುಷ್ಯನನ್ನೂ ತೇಲಿಸೀತು. ಕಾಂತಕ್ಷೇತ್ರ ಹುಟ್ಟಿಸುವ ತಂತಿ ಸುರುಳಿ ಮನುಷ್ಯ ಹಿಡಿಸುವಷ್ಟು ದೊಡ್ಡದಿರಬೇಕು, ಅಷ್ಟೆ. ಮೊದಲಿಗಿಂತ ಜೋರಾಗಿ ನಕ್ಕಿದ್ದು ಆಗ. ಫಿಸಿಕ್ಸಿನ ನಗೆಹನಿ ಅರ್ಥವಾಗುವುದು ಸಮೀಕರಣ ಬಿಡಿಸಿದ ಮೇಲೆಯೇ ಎಂದು ನಾನು ಈಗಲೂ ನಂಬುತ್ತೇನೆ. 2010ರಲ್ಲಿ ಗ್ರಾಫೀನ್ ಎಂಬ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯ ಮೇಲಿನ ಕೆಲಸಕ್ಕಾಗಿ ಅದೇ ಗೈಮ್ ಅವರಿಗೆ ನೊವೊಸೆಲೊವ್ ಜೊತೆ ನೊಬೆಲ್ ಬಂದಾಗ ನಾವು ಹಳೆಯ ಸಹಪಾಠಿಗಳು ಒಬ್ಬರಿಗೊಬ್ಬರು ಫೋನ್ ಮಾಡಿ ಹೇಳಿಕೊಂಡದ್ದು ಒಂದೇ ಮಾತು: "ಕಪ್ಪೆಯವರಿಗೆ ಬಂತಂತೆ!"

ಆದರೆ ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿದ್ದು ಪ್ರಯೋಗಶಾಲೆಯ ಹಿತ್ತಾಳೆ ತಟ್ಟೆ. ಚೌಕ ತಟ್ಟೆ, ನಟ್ಟನಡುವೆ ಒಂದು ತಿರುಪು, ಕೆಳಗೆ ಗಟ್ಟಿ ಕಂಬ. ಮೇಡಂ ಅದರ ಮೇಲೆ ಒಣ ಮರಳು ಉದುರಿಸಿ, ರಾಳ ಉಜ್ಜಿದ ಪಿಟೀಲಿನ ಕಮಾನನ್ನು ಅಂಚಿಗೆ ಒತ್ತಿ ಮೇಲಿಂದ ಕೆಳಕ್ಕೆ ಎಳೆದರು. ಒಂದು ಅಂಚಿನ ಮಧ್ಯಕ್ಕೆ ಬೆರಳಿಟ್ಟು ಮೂಲೆಯ ಹತ್ತಿರ ಎಳೆದಾಗ ಮರಳು ಪುಟಪುಟನೆ ನೆಗೆದು ಕೂಡಿಸುವ ಚಿಹ್ನೆಯಾಗಿ ನಿಂತಿತು. ಬೆರಳನ್ನು ಮೂಲೆಗೆ ಸರಿಸಿ, ಅಂಚಿನ ಮಧ್ಯದಲ್ಲಿ ಎಳೆದರು. ಸ್ವರ ಏರಿತು, ಗೆರೆಗಳು ಕರ್ಣಕ್ಕೆ ತಿರುಗಿ ಗುಣಿಸುವ ಚಿಹ್ನೆಯಾದವು. ಯಾರೂ ಉಸಿರೆತ್ತಲಿಲ್ಲ. ಕಂಪಿಸುವ ಜಾಗದಿಂದ ಒದೆಸಿಕೊಂಡ ಕಣಗಳು ಅಲುಗದ ಗೆರೆಗಳಲ್ಲಿ ಬಂದು ಕೂರುತ್ತವೆ ಎಂಬುದನ್ನು ನಾವೇ ಹೇಳುವ ತನಕ ಅವರು ಬಾಯಿ ಬಿಡಲಿಲ್ಲ.

ಆಮೇಲೆ ಅತಿ ನುಣುಪಾದ ಪುಡಿಯನ್ನು ಮರಳಿನೊಂದಿಗೆ ಬೆರೆಸಿದರು. ಮರಳು ಗೆರೆಗೆ ಹೋಯಿತು; ಪುಡಿ ಮಾತ್ರ ತಟ್ಟೆ ಹೆಚ್ಚು ಕುಣಿಯುವ ಜಾಗಗಳಲ್ಲೇ ಗುಪ್ಪೆಗುಪ್ಪೆಯಾಯಿತು. ನಮ್ಮ ವಿವರಣೆ ಅಲ್ಲಿಗೆ ಕೈಕೊಟ್ಟಿತು. ತಟ್ಟೆಯ ಮೇಲಿನ ಗಾಳಿಯಲ್ಲೇ ಸಣ್ಣ ಸುಳಿಗಳೇಳುತ್ತವೆ, ಹಗುರ ಪುಡಿ ಅವುಗಳ ಜೊತೆ ಹೋಗುತ್ತದೆ ಎಂದು 1831ರಲ್ಲಿ ತೋರಿಸಿಕೊಟ್ಟವರು ಫ್ಯಾರಡೆ.

ಈ ಚಿತ್ರಗಳನ್ನು ಅರ್ನ್‌ಸ್ಟ್ ಕ್ಲಾಡ್ನಿ ಪ್ರಕಟಿಸಿದ್ದು 1787ರಲ್ಲಿ. ಮೇಡಂಗೆ ಮಾತ್ರ ಅವರಿಗಿಂತ ಸೋಫಿ ಜರ್ಮೇನ್ ಮೇಲೆ ಪ್ರೀತಿ. ಹೆಣ್ಣೆಂಬ ಕಾರಣಕ್ಕೆ ಕಾಲೇಜಿನ ಬಾಗಿಲು ಮುಚ್ಚಿತ್ತು, ಗಂಡಸಿನ ಹೆಸರಲ್ಲಿ ಗಣಿತಜ್ಞರಿಗೆ ಪತ್ರ ಬರೆದರು, ಕೊನೆಗೆ ಕಂಪಿಸುವ ತಟ್ಟೆಗಳ ಗಣಿತಕ್ಕಾಗಿಯೇ 1816ರಲ್ಲಿ ಪ್ಯಾರಿಸ್ ಅಕಾಡೆಮಿಯ ಬಹುಮಾನ ಪಡೆದರು. ಇದನ್ನು ಹೇಳುವಾಗ ಮೇಡಂ ದನಿ ಬೇರೆಯೇ ಆಗುತ್ತಿತ್ತು.

ತಟ್ಟೆಯಿಂದ ಮೃದಂಗಕ್ಕೆ ಹೋಗಲು ಅವರಿಗೆ ನಿಮಿಷ ಸಾಕು. ಬರೀ ಬಿಗಿದ ಚರ್ಮದ ಕಂಪನಗಳು 1, 1.59, 2.14 ಹೀಗೆ ಹೊಂದಿಕೆಯಿಲ್ಲದ ಅನುಪಾತದಲ್ಲಿರುತ್ತವೆ. ಅದಕ್ಕೇ ಸಾಮಾನ್ಯ ಡೋಲಿಗೆ ಶ್ರುತಿ ನಿಲ್ಲುವುದಿಲ್ಲ. ಮೃದಂಗದ ಬಲಮುಖದ ನಡುವಿನ ಕಪ್ಪು ಲೇಪದ ಭಾರ ಈ ಅನುಪಾತಗಳನ್ನು 1, 2, 3ರ ಹತ್ತಿರಕ್ಕೆ ಎಳೆದು ತರುತ್ತದೆ ಎಂದು ಸಿ. ವಿ. ರಾಮನ್ 1920ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಬರೆದರು. ರಾಮನ್ ಪರಿಣಾಮ ಕಂಡದ್ದು 1928ರಲ್ಲಿ; ಅದಕ್ಕೂ ಮೊದಲೇ ಅವರ ಕಿವಿ ವಾದ್ಯಗಳ ಮೇಲಿತ್ತು. ಸಮೀಕರಣ ಗೊತ್ತಿಲ್ಲದೆ ಕಿವಿಯೊಂದನ್ನೇ ನಂಬಿ ಆ ಲೇಪವನ್ನು ಹದಕ್ಕೆ ತಂದ ಕುಶಲಕರ್ಮಿಗಳನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಅಂದಿನಿಂದ ಕಛೇರಿಯಲ್ಲಿ ಕೂತಾಗ ನನ್ನ ಕಣ್ಣು ಮೊದಲು ಹೋಗುವುದು ಆ ಕಪ್ಪು ವೃತ್ತಕ್ಕೆ.

ಈಗ ಓದುತ್ತಿರುವವರಿಗೆ ಒಂದು ಕೆಲಸ ಹೇಳುತ್ತೇನೆ, ಮೇಡಂ ನಮಗೆ ಹೇಳಿದ್ದೇ. ಬಿಸಿಲಲ್ಲಿ ದಟ್ಟ ಮರದ ಕೆಳಗೆ ನಿಂತು ನೆಲ ನೋಡಿ. ಎಲೆಗಳ ಸಂದುಗಳಿಗೆ ಒಂದೊಂದಕ್ಕೂ ಒಂದೊಂದು ಆಕಾರ, ಬಿಸಿಲಿನ ಚುಕ್ಕೆಗಳು ಮಾತ್ರ ದುಂಡಗೆ. ಅವು ಸಂದಿನ ಚಿತ್ರವಲ್ಲ, ಸೂರ್ಯನದೇ ಬಿಂಬ. ಪಾರ್ಶ್ವ ಗ್ರಹಣದ ಹೊತ್ತಿನಲ್ಲಿ ಅವೆಲ್ಲ ಒಟ್ಟಿಗೇ ಕುಡುಗೋಲಿನಂತೆ ಬಾಗುತ್ತವೆ. ಸೂರ್ಯನ ದೂರ ಅದರ ವ್ಯಾಸದ ಸುಮಾರು 108 ಪಟ್ಟು. ನೋಟ್‌ಬುಕ್ಕನ್ನು ಕಿರಣಕ್ಕೆ ಲಂಬವಾಗಿ ಹಿಡಿದು ಒಂದು ಚುಕ್ಕೆಯ ಅಗಲ ಅಳೆದು, 108ರಿಂದ ಗುಣಿಸಿ. ಚುಕ್ಕೆ 5 ಸೆಂಟಿಮೀಟರ್ ಇದ್ದರೆ ಆ ಸಂದು ನಿಮ್ಮ ಪುಸ್ತಕದಿಂದ ಸುಮಾರು ಐದೂವರೆ ಮೀಟರ್ ದೂರದಲ್ಲಿದೆ. ಮಸುಕು ಅಂಚಿನ ದೊಡ್ಡ ಚುಕ್ಕೆಗಳನ್ನೇ ಆರಿಸಿಕೊಳ್ಳಿ. ಸಂದು ದೊಡ್ಡದಿದ್ದು ಹತ್ತಿರದಲ್ಲಿದ್ದರೆ ಬಿಂಬದ ಬದಲು ಸಂದಿನ ಆಕಾರವೇ ಬಿದ್ದು ಲೆಕ್ಕ ತಪ್ಪುತ್ತದೆ.