ಆರಡಿ ಟ್ಯೂಬ್‌ಲೈಟುಗಳೂ ನನ್ನ ಪೆಟ್ಟಿಗೆಯೂ

ಅಮೆರಿಕದ ಒಹಾಯೊ ರಾಜ್ಯದ ಸಣ್ಣ ಊರೊಂದರಲ್ಲಿ, ಜನ ನೇರಳಾತೀತ ಬೆಳಕಿನಡಿ ಮಲಗಿ ಮೈಬಣ್ಣವನ್ನು ಕಂದಾಗಿಸಿಕೊಳ್ಳುವ ಟ್ಯಾನಿಂಗ್ ಸಲೂನಿನ ಯಂತ್ರಗಳನ್ನು ವಾರಾಂತ್ಯಗಳಲ್ಲಿ ನೋಡಿಕೊಳ್ಳುವ ಕೆಲಸವನ್ನು ಒಪ್ಪಿಕೊಂಡಾಗ ಅಂಥ ಯಂತ್ರದ ಒಳಭಾಗವನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ಮೇಲಿನ ಅಕ್ರಿಲಿಕ್ ಹಾಳೆಯನ್ನು ಎತ್ತಿ ನೋಡಿದ ದಿನ ನಗು ಬಂತು. ಸುಮಾರು ಆರಡಿ ಉದ್ದದ, ತಲಾ 100 ವ್ಯಾಟಿನ ಟ್ಯೂಬುಗಳು ಸಾಲಾಗಿ ಮಲಗಿದ್ದವು; ಪ್ರತಿಯೊಂದಕ್ಕೂ ಒಂದು ಚೋಕ್, ಒಂದು ಸ್ಟಾರ್ಟರ್. ದಾವಣಗೆರೆಯ ಮನೆಯ ಪಡಸಾಲೆಯಲ್ಲಿ ಕುರ್ಚಿ ಹತ್ತಿ ಟ್ಯೂಬ್‌ಲೈಟಿನ ಸ್ಟಾರ್ಟರನ್ನು ತಿರುಗಿಸಿ ಬೆಳೆದವನಿಗೆ ಇದೇನು ಮಹಾ ಎನಿಸಿತು. ಆ ಉಡಾಫೆಗೆ ಇಡೀ ಶನಿವಾರವೊಂದನ್ನು ದಂಡವಾಗಿ ತೆತ್ತೆ.

ಅದು ಮಾರ್ಚ್ ತಿಂಗಳು. ವಸಂತ ರಜೆಗೆ ಕಡಲತೀರಕ್ಕೆ ಹೊರಡುವವರ ನೂಕುನುಗ್ಗಲಿನ ಕಾಲ. ಒಂದು ಬೆಡ್ಡಿನ, ಅಂದರೆ ಗಿರಾಕಿ ಮಲಗುವ ಯಂತ್ರದ, ಟ್ಯೂಬುಗಳು ಹೊತ್ತಿಕೊಳ್ಳದೆ ಮಿಣುಕುತ್ತಲೇ ಇದ್ದವು. ನನ್ನ ಬಳಿ ಇದ್ದದ್ದು ಎರಡು ಸ್ಕ್ರೂಡ್ರೈವರ್, ಒಂದು ಕಟಿಂಗ್ ಪ್ಲೇಯರ್ ಮತ್ತು ಊರಿನಿಂದ ತಂದಿದ್ದ ನಿಯಾನ್ ಟೆಸ್ಟರ್. ಟೆಸ್ಟರ್ ಹೊತ್ತಿತು, ಹಾಗಾದರೆ ಕರೆಂಟಿದೆ ಎಂದುಕೊಂಡು ಇಪ್ಪತ್ತನಾಲ್ಕು ಸ್ಟಾರ್ಟರುಗಳನ್ನೂ ಬದಲಾಯಿಸಿದೆ. ಮಿಣುಕು ನಿಲ್ಲಲಿಲ್ಲ. ಸಂಜೆ ಬಂದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಸಾಕೆಟ್ಟಿಗೆ ಮೀಟರ್ ಹಿಡಿದು, 208 ವೋಲ್ಟ್ ಎಂದು ಓದಿ ತಲೆಯಾಡಿಸಿದರು. ಇಲ್ಲಿನ ಮೂರು ಫೇಸಿನ ವಾಣಿಜ್ಯ ಕಟ್ಟಡಗಳಲ್ಲಿ ಎರಡು ಫೇಸುಗಳ ನಡುವೆ ಸಿಗುವುದು ಅಷ್ಟೇ. ಆ ಬೆಡ್ಡಿಗೆ ಬೇಕಿದ್ದದ್ದು 230. ಆ ಕೊರತೆಯನ್ನು ತುಂಬಬೇಕಾದ ಸಣ್ಣ ಟ್ರಾನ್ಸ್‌ಫಾರ್ಮರು, ಎರಡು ವಾರದ ಹಿಂದೆ ಬೆಡ್ಡನ್ನು ಬೇರೆ ಕೋಣೆಗೆ ಸಾಗಿಸಿದಾಗ ಹಳೆಯ ಕೋಣೆಯ ಗೋಡೆಯಲ್ಲೇ ಉಳಿದುಬಿಟ್ಟಿತ್ತು. ನನ್ನ ಟೆಸ್ಟರ್ ಸುಳ್ಳು ಹೇಳಿರಲಿಲ್ಲ. ಕರೆಂಟು ಇದೆಯೇ ಎಂಬುದಕ್ಕೆ ಉತ್ತರ ಕೊಟ್ಟಿತ್ತು, ಎಷ್ಟಿದೆ ಎಂದು ನಾನು ಕೇಳಿಯೇ ಇರಲಿಲ್ಲ.

ಮರುದಿನ ನನ್ನ ಉಪಕರಣಗಳ ಪೆಟ್ಟಿಗೆಯನ್ನು ಹೊಸದಾಗಿ ಜೋಡಿಸಲು ಕುಳಿತೆ. ಮೊದಲು ಒಳಗೆ ಹೋದದ್ದು ಒಳ್ಳೆಯ ಮಲ್ಟಿಮೀಟರ್. ಅದರ ಪಕ್ಕದಲ್ಲಿ ಒಂದು ಬೀಗ. ಯಂತ್ರದೊಳಗೆ ನನ್ನ ಕೈಯಿರುವಾಗ ಕೌಂಟರಿನಲ್ಲಿರುವ ಹುಡುಗಿ ಬ್ರೇಕರ್ ಎತ್ತಿಬಿಡದಂತೆ ಅದಕ್ಕೆ ಹಾಕಿಡುವುದಕ್ಕಾಗಿ. ಬಳಿಕ ಬಿಡಿಭಾಗಗಳು: ಸರಿಯಾಗಿ ಉರಿಯುತ್ತದೆಂದು ಖಚಿತವಾಗಿರುವ ಒಂದು ಟ್ಯೂಬು, ಆ ವ್ಯಾಟಿಗೆ ಹೊಂದುವ ನಾಲ್ಕು ಸ್ಟಾರ್ಟರು, ಎರಡು ಹೋಲ್ಡರು. ಇವು ರಿಪೇರಿಗಿಂತ ಹೆಚ್ಚಾಗಿ ಪತ್ತೆದಾರಿಕೆಗೆ. ಉರಿಯದ ಟ್ಯೂಬನ್ನು ಪಕ್ಕದ ಜಾಗಕ್ಕೆ ಹಾಕಿದಾಗ ದೋಷವೂ ಅದರ ಜೊತೆಗೇ ಹೋದರೆ ತಪ್ಪು ಟ್ಯೂಬಿನದು. ದೋಷ ಹಳೆಯ ಜಾಗದಲ್ಲೇ ಉಳಿದರೆ ಸ್ಟಾರ್ಟರು, ಹೋಲ್ಡರು, ಕೊನೆಗೆ ಚೋಕ್ ಎಂಬ ಕ್ರಮದಲ್ಲಿ ಹುಡುಕಬೇಕು. ಈ ಹತ್ತು ನಿಮಿಷದ ಕೆಲಸವನ್ನು ನಾನು ಮೊದಲೇ ಮಾಡಿದ್ದರೆ ಸ್ಟಾರ್ಟರುಗಳ ಹಣವಾದರೂ ಉಳಿಯುತ್ತಿತ್ತು.

ಅರ್ಧ ದಾರಿಯಲ್ಲಿ ತಾನಾಗಿ ಆರಿಹೋಗುವ ಬೆಡ್ಡುಗಳಿಗಾಗಿ ಮೆತ್ತನೆಯ ಬ್ರಷ್ಷು ಮತ್ತು ಸಣ್ಣ ವ್ಯಾಕ್ಯೂಮ್ ಸೇರಿದವು. ಫ್ಯಾನಿನ ಬಾಯಿಗೆ ಟವೆಲ್ಲಿನ ನೂಲುಧೂಳು ಕಟ್ಟಿಕೊಂಡು ಗಾಳಿ ನಿಂತರೆ, ಬಿಸಿಯೇರಿದ ಯಂತ್ರವನ್ನು ಒಳಗಿನ ಥರ್ಮಲ್ ಸ್ವಿಚ್ಚೇ ಆರಿಸುತ್ತದೆ. ಅಕ್ರಿಲಿಕ್ಕನ್ನು ಒರೆಸಲು ಆಲ್ಕೊಹಾಲಿಲ್ಲದ ದ್ರವ. ಆಲ್ಕೊಹಾಲ್ ತಾಗಿದರೆ ಹಾಳೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಟ್ಯೂಬುಗಳು ಉರಿದ ಗಂಟೆಗಳನ್ನು ಬರೆದಿಡಲು ಒಂದು ನೋಟುಪುಸ್ತಕವೂ ಬೇಕಾಯಿತು, ಏಕೆಂದರೆ ಟ್ಯೂಬು ಕಣ್ಣಿಗೆ ಚೆನ್ನಾಗಿ ಉರಿಯುತ್ತಿದ್ದರೂ ಅದರ ನೇರಳಾತೀತ ಕಿರಣ ಗಂಟೆಗಳು ಕಳೆದಂತೆ ಕುಗ್ಗುತ್ತಿರುತ್ತದೆ.

ಸ್ಟಾಪ್‌ವಾಚನ್ನು ಕಂಡು ಮಾಲೀಕರು ನಕ್ಕರು. ಬೆಡ್ಡಿನ ಟೈಮರಿನ ತಪ್ಪು ಅದರ ಗರಿಷ್ಠ ಅವಧಿಯ ಶೇಕಡಾ 10ನ್ನು ಮೀರಬಾರದೆಂದು ಇಲ್ಲಿನ ನಿಯಮವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಈ ಯಂತ್ರಗಳನ್ನು 2009ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ಖಚಿತವಾದವುಗಳ ಸಾಲಿಗೆ, ಸೇರಿಸಿತು. ಹಾಗಿರುವಾಗ ಮಲಗಿದವರಿಗೆ ಎರಡು ನಿಮಿಷ ಹೆಚ್ಚಾದರೂ ಅದು ನನ್ನ ಲೆಕ್ಕಕ್ಕೆ ಬರುತ್ತದೆ ಎಂದೇ ನನ್ನ ಭಾವನೆ.

ಕೊನೆಯದಾಗಿ, 'ಬಳಸಬೇಡಿ' ಎಂದು ಇಂಗ್ಲಿಷಿನಲ್ಲಿ ಬರೆದ ಕೆಂಪು ಚೀಟಿಗಳು. ಮುಖಕ್ಕೆಂದೇ ಇರುವ ಅಧಿಕ ಒತ್ತಡದ ದೀಪದ ಮುಂದಿನ ಶೋಧಕ ಗಾಜು ಅಪಾಯಕಾರಿ ಕಿರಣಗಳನ್ನು ತಡೆಯುತ್ತದೆ. ಅದು ಬಿರುಕುಬಿಟ್ಟರೆ ನನ್ನ ಯಾವ ಉಪಕರಣವೂ ಕೆಲಸಕ್ಕೆ ಬಾರದು. ಮುಂದಿನ ವಾರವೇ ಅಂಥದೊಂದು ಬಿರುಕು ಕಂಡಿತು. ಚೀಟಿ ಕಟ್ಟಿ, ಬ್ರೇಕರಿಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿದೆ. ಹೊಸ ಗಾಜು ಬರುವವರೆಗೆ ನಾಲ್ಕು ದಿನ ಮಾಲೀಕರು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.